ಮೊಮ್ಮಗಳ ಫ್ಯಾನಿಗೆ ಅಜ್ಜನ ಕೈ

ನಮ್ಮ ಮೊಮ್ಮಗಳು ಗೀತಾ ಪಾಸಾದಳು. ಪಾಲಿಟೆಕ್ನಿಕ್‌ನ ಕೊನೆಯ ಪ್ರಾಕ್ಟಿಕಲ್. ಪರೀಕ್ಷಕರೇ ಅಲ್ಲೇ ಬಾಯಿಬಿಟ್ಟು ಹೇಳಿದರಂತೆ. (ನಾವಿರುವ ಲಿಂಗಂಪಲ್ಲಿಯ ಹಾಲಿನವನಿಗೂ ತಿಳಿಸಿಯಾಯಿತು. ನಿಮ್ಮನ್ನು ಬಿಡುತ್ತೇನೆಯೇ?)

ಮೆಂತ್ಯ ಸೊಪ್ಪು ಒಣಗಿಸುವ ಪೆಟ್ಟಿಗೆ ಮಾಡಿದ್ದಳು. ಅದಕ್ಕೊಂದು ಕಂಪ್ಯೂಟರಿನ ಪುಟ್ಟ ಫ್ಯಾನು. ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕೈಯೊಡ್ಡಿ ನೋಡಿದೆ. ಗಾಳಿ ಹೊರಗೆ ಬರುತ್ತಿತ್ತು. ಒಳಗೆ ಹೋಗಬೇಕಲ್ಲವೇ?

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಫ್ಯಾಕ್ಟರಿಯ ಮೋಟರ್ ಸೆಕ್ಷನ್‌ನಲ್ಲಿ ಮೂವತ್ತು ವರ್ಷ ಹೆಲ್ಪರ್. ತ್ರೀ-ಫೇಸ್ ಮೋಟರ್ ಉಲ್ಟಾ ತಿರುಗಿದರೆ ಮೂರರಲ್ಲಿ ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯಿತು. ಇಲ್ಲೂ ಅದನ್ನೇ ಮಾಡಿದೆ. ಕೆಂಪು ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಕೆಂಪು.

ಫ್ಯಾನು ಉಲ್ಟಾ ತಿರುಗಲಿಲ್ಲ. ತಿರುಗಲೇ ಇಲ್ಲ.

ಅವಳು ಪರೀಕ್ಷೆಗೆ ಹೋಗುವ ರೈಲಿಗೆ ಇನ್ನು ಅರ್ಧ ಗಂಟೆ. ಮನೆಯಲ್ಲಿ ಬೇರೆ ಫ್ಯಾನಿಲ್ಲ, ಅಂಗಡಿ ತೆರೆದಿಲ್ಲ. ತಲೆ ಒರೆಸಿಕೊಳ್ಳುತ್ತಾ ಬಂದ ಗೀತಾಳಿಗೆ ಇದ್ದದ್ದು ಹೇಳಿದೆ.

“ಅಜ್ಜಾ, ಇದು ನಿನ್ನ ಮೋಟರ್ ಅಲ್ಲ. ಇದರ ಹೊಟ್ಟ್ಯಾಗ ಎಲೆಕ್ಟ್ರಾನಿಕ್ ಬೋರ್ಡ್ ಐತಿ. ಪ್ಲಸ್ ಮೈನಸ್ ತಪ್ಪಿದ್ರ ಸುಮ್ಮನ ನಿಂತುಬಿಡ್ತೈತಿ. ಒಳಗ ಡಯೋಡ್ ಕಾವಲಿದ್ರ ಬದುಕ್ತೈತಿ, ಇಲ್ಲಂದ್ರ ಸುಟ್ಟು ಹೋಗ್ತೈತಿ.”

“ಗಾಳಿ ಹೊರಗ ಬರಾಕತ್ತಿತ್ತಲ್ಲ, ಯವ್ವಾ?”

“ಹಸಿ ಗಾಳಿ ಹೊರಗ ಹೋಗ್ಲಿ ಅಂತನ ಹಂಗ ಹಾಕೀನಿ. ದಿಕ್ಕು ಬದಲಿಸ್ಬೇಕಂದ್ರ ಫ್ಯಾನ್ ತಿರುವಿ ಕೂಡಿಸ್ಬೇಕು, ವೈರ್ ಅಲ್ಲ.”

ಅಡುಗೆಮನೆಯಿಂದ ನನ್ನಾಕೆ ಹೇಳಿದಳು: “ಮೊದಲ ನಿಮ್ಮಜ್ಜನ ಕೈ ಕಟ್ಟಿ ಕೂಡ್ಸು.”

ಗೀತಾ ವೈರುಗಳನ್ನು ಮೊದಲಿನಂತೆ ಸೇರಿಸಿ ಸ್ವಿಚ್ ಒತ್ತಿದಳು. ತಿರುಗಿತು. ಡಯೋಡ್ ಇತ್ತು. ನನಗೂ ಉಸಿರು ಬಂತು.

ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? ಪ್ಲಸ್ ಮೈನಸ್ ಅದಲುಬದಲಾದರೆ ಈ ಫ್ಯಾನಿಗೆ ಏನಾಗುತ್ತದೆ? ಬೆಳಿಗ್ಗೆಯೇ ನೋಡಿ ಬಂದಿದ್ದೇನೆ ಎಂದಳಂತೆ.

ಹಾಗಂತ ನಾನು ಮಾಡಿದ್ದು ಸರಿಯೇ? ಇಲ್ಲ. ಮೂವತ್ತು ವರ್ಷ ಕಲಿತದ್ದು ಸುಳ್ಳಲ್ಲ, ಆದರೆ ಅದು ಆ ಮೋಟರಿಗೆ. ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಆ ಸಂಜೆ ಮಗ ಶಿಫ್ಟ್ ಮುಗಿಸಿ ಬರುವ ತನಕ ಕಾದು, ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಸೊಸೆ ರೊಟ್ಟಿ ಬುಟ್ಟಿಯನ್ನು ಗೀತಾಳ ಕೈಗೇ ಕೊಟ್ಟಳು.

“ಅಜ್ಜಾ, ಇನ್ನೊಂದು ಹಾಕ್ಲೇನು?”

ನೋಡಿ, ಅವಳು ಕೇಳಿಯೇ ಬಡಿಸುತ್ತಾಳೆ.