ಮೇಜರ್ ಕೊನೆಗೆ ಮಾತಾಡಿದ ಸಭೆ

೧೯೪೪ರಲ್ಲಿ ನಾನು ಹಲಸೂರು ಕೆರೆಯ ಆಚೆಗಿದ್ದ ಮಿಲಿಟರಿ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದೆ. ಬರ್ಮಾ ಗಡಿಯ ಗಾಯಾಳುಗಳು ರೈಲಿನಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬರುತ್ತಿದ್ದರು. ಆಂಬುಲೆನ್ಸ್ ಸಾಲದೆ, ಅಲ್ಲಿಂದ ಲಾರಿಯಲ್ಲೇ ತರುತ್ತಿದ್ದೆವು. ಒಂದು ಸಲ ಒಬ್ಬ ಸಿಪಾಯಿ, ಅಷ್ಟು ದೂರ ಜೀವ ಹಿಡಿದು ಬಂದವನು, ನಮ್ಮೂರಿನ ಹಳ್ಳ-ದಿಣ್ಣೆಗಳ ರಸ್ತೆಯಲ್ಲಿ ಹೊಲಿಗೆ ಬಿಚ್ಚಿ ರಕ್ತ ಸುರಿದು ತೀರಿಕೊಂಡ. ಕೆಲವು ದಿನಗಳ ಮೇಲೆ, ಮರುದಿನ ಬೆಳಿಗ್ಗೆ ಮತ್ತೊಂದು ರೈಲು ಬರುತ್ತದೆಂದು ತಂತಿ ಬಂತು.

ಮುಖ್ಯ ಸರ್ಜನ್ ಮೇಜರ್ ಸೋಮಯ್ಯನವರು ಮಧ್ಯಾಹ್ನ ಎಲ್ಲರನ್ನೂ ಸೇರಿಸಿದರು. "ಲಾರಿ ನಿಧಾನವಾಗಿ ಓಡಿಸಬೇಕು. ಬೇರೆ ಯಾರಿಗಾದರೂ ಏನಾದರೂ ತೋಚುತ್ತಾ?"

"ಇಲ್ಲ ಸಾರ್," ಎಂದರು ಕೆಲವರು.

ಹೋದ ಸಲವೂ ನಿಧಾನವಾಗಿಯೇ ಓಡಿಸಿದ್ದು ಎಲ್ಲರಿಗೂ ಗೊತ್ತಿತ್ತು. ಆ ಸಾವಿಗೆ ಬೈಸಿಕೊಂಡಿದ್ದ ಡ್ರೈವರ್ ಖಾದರ್ ಸಾಬರು ತಮ್ಮ ಬೂಟು ನೋಡುತ್ತಾ ನಿಂತಿದ್ದರು.

ನಾನು ಮುಂದೆ ಬಂದೆ. "ಸಾರ್, ನೀವು ಮೊದಲೇ ಹೇಳಿಬಿಟ್ಟರೆ ಯಾರೂ ಬಾಯಿ ಬಿಡೋಲ್ಲ. ಇವತ್ತು ನೀವು ಕೊನೆಗೆ ಮಾತಾಡಿ," ಎಂದುಬಿಟ್ಟೆ.

ಅವರ ಮುಖ ಕೆಂಪಾಯಿತು. ಆಮೇಲೆ ಕುರ್ಚಿಯನ್ನು ಗೋಡೆ ಬದಿಗೆ ಎಳೆದುಕೊಂಡು ಕೂತರು. "ತಮಿಳೋ ಉರ್ದುವೋ, ಯಾವ ಭಾಷೆಯಲ್ಲಾದರೂ ಹೇಳ್ರಿ. ಎಲ್ಲರದೂ ಮುಗಿಯೋವರೆಗೆ ಯಾರೂ ತಪ್ಪು ಅನ್ನಬಾರದು. ನಾನೂ ಅಷ್ಟೇ."

ಮರ್ಫಿ ಟೌನಿನ ಆಯಾ ಸೆಲ್ವಮ್ಮ ತಮಿಳಿನಲ್ಲಿ, ಸ್ಟ್ರೆಚರನ್ನು ತೊಟ್ಟಿಲಿನ ಹಾಗೆ ಲಾರಿಯ ಟಾರ್ಪಾಲಿನ್ ಹೊತ್ತ ಕಬ್ಬಿಣದ ಕಮಾನಿಗೆ ಹಗ್ಗದಿಂದ ತೂಗುಹಾಕಿದರೆ ಹೇಗೆ ಎಂದಳು. ಕಾಂಪೌಂಡರ್ ನಕ್ಕ. ಮೇಜರ್ ಅವನತ್ತ ನೋಡಿದರು, ನಗು ನಿಂತಿತು.

ಖಾದರ್ ಸಾಬರು ತಲೆ ಎತ್ತಿದರು. "ಟೈರಿನ ಹಳೇ ಟ್ಯೂಬ್ ಸೀಳಿ ಕೆಳಗಿಂದಲೂ ಬಿಗಿಯೋಣ. ತಿರುವಿನಲ್ಲಿ ಪಕ್ಕಕ್ಕೆ ಬಡಿಯೋಲ್ಲ."

"ಹಾಗಾದ್ರೆ ಮೇಲೂ ಹಗ್ಗ ಬೇಡ, ಟ್ಯೂಬೇ ಇರಲಿ," ಎಂದ, ನಕ್ಕಿದ್ದ ಅದೇ ಕಾಂಪೌಂಡರ್.

ಕೊನೆಗೆ ಮೇಜರ್ ಎದ್ದರು. "ಮೊದಲು ನನ್ನನ್ನೇ ಮಲಗಿಸಿ ಓಡಿಸಿ."

ಸಂಜೆ ಕೆರೆ ರಸ್ತೆಯಲ್ಲಿ ಟ್ಯೂಬು ಕಿತ್ತುಹೋಗಿ, ಅವರು ಭುಜ ಊರಿ ದೊಪ್ಪನೆ ಬಿದ್ದರು. ಎದ್ದು ಧೂಳು ಕೊಡವಿಕೊಂಡು, "ಇನ್ನೇನು ಮಾಡಬಹುದು, ಹೇಳ್ರಿ," ಎಂದರು. ಈ ಸಲ ಯಾರೂ ಕಾಯಲಿಲ್ಲ, ಎಲ್ಲರೂ ಒಟ್ಟಿಗೇ ಮಾತಾಡಿದರು. ಟ್ಯೂಬನ್ನು ಎರಡು ಪದರ ಮಾಡಿದೆವು.

ಬೆಳಿಗ್ಗೆ ಸ್ಟೇಷನ್ನಿನಿಂದ ಬರುವಾಗ ಲಾರಿಯ ಹಿಂಭಾಗದಲ್ಲಿ ನಾನೂ ಕೂತೆ. ತೊಡೆಗೆ ಗುಂಡು ಹೊಕ್ಕಿದ್ದ ಸಿಪಾಯಿಯೊಬ್ಬನ ಬ್ಯಾಂಡೇಜಿನಿಂದ ಕಣ್ಣು ಕೀಳಲಿಲ್ಲ. ಪ್ರತಿ ಹಳ್ಳಕ್ಕೂ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು; ಅವನು ಮೆಲ್ಲಗೆ ಏರಿ ಇಳಿಯುತ್ತಿದ್ದ. ಆಸ್ಪತ್ರೆಯ ಗೇಟು ಬಂದಾಗಲೂ ಬ್ಯಾಂಡೇಜು ಬಿಳಿಯಾಗಿಯೇ ಇತ್ತು.

ಖಾದರ್ ಸಾಬರು ಇಂಜಿನ್ ಆರಿಸಿ ಹಿಂದಕ್ಕೆ ಓಡಿಬಂದರು. "ಜೀವ ಇದೆಯಾ, ಸಿಸ್ಟರಮ್ಮ?"

ಸಿಪಾಯಿಯೇ ಕಣ್ಣು ಬಿಟ್ಟು ನೀರು ಕೇಳಿದ.

ಮುಂದೆ ಮೇಟ್ರನ್ ಆಗಿ ಎಷ್ಟೋ ಸಭೆ ನಡೆಸಿದೆ. ಏನೂ ತೋಚದೆ ಸುಮ್ಮನಿರುವವರನ್ನು ಕಂಡದ್ದು ಕಡಿಮೆ. ಹೆದರಿ ಸುಮ್ಮನಿರುವವರೇ ಹೆಚ್ಚು. ಆ ಹೆದರಿಕೆ ಕಳೆಯುವುದು ದೊಡ್ಡ ಹುದ್ದೆಯಲ್ಲಿರುವವರ ಕೆಲಸ, ಮತ್ತು ಅದನ್ನು ಅವರು ಬಾಯಿ ಮುಚ್ಚಿಕೊಂಡೇ ಶುರುಮಾಡಬೇಕು.