ಕಂಬ ಅಂದವರೆಲ್ಲ ಸುಜಾತಾ ಅನ್ನಲು ಕಲಿತ ವರ್ಷ

"ತಮ್ಮಾ, ಆಗಿಂದ ಕಂಬ ಕಂಬ ಅನ್ನಾಕ ಹತ್ತೀರಿ... ಯಾರದು?"

ನಾರಾಯಣಖೇಡದ ಮೈದಾನದಲ್ಲಿ ನಾನು ಮೈಕ್ ಹಿಡಿದು ಕುಳಿತಿದ್ದ ಟೇಬಲ್ ಪಕ್ಕ ಬಂದು ಒಬ್ಬ ತಾಯಿ ಕೇಳಿದರು. ಹೊಲದ ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬಂದಿರಬೇಕು, ಸೆರಗಿಗೆ ಇನ್ನೂ ತೊಗರಿ ಎಲೆ ಅಂಟಿಕೊಂಡಿತ್ತು.

"ನನ್ನ ಮಗಳು ಆಡಾಕ ಹತ್ಯಾಳಂತ ನೋಡಾಕ ಬಂದೀನಿ. ನೀವು ಆಕಿ ಹೆಸರೇ ಹೇಳವಲ್ರಿ."

ಮಗಳ ಹೆಸರು ಕೇಳಿದೆ. ಸುಜಾತಾ ಅಂದರು. ನನಗೆ ಆ ಹೆಸರಿನವರು ಯಾರೂ ನೆನಪಾಗಲಿಲ್ಲ.

ಆಮೇಲೆ ಕೈ ಮಾಡಿ ತೋರಿಸಿದರು. ತೋರಿಸಿದ್ದು ಕಂಬವನ್ನೇ...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು ಇದು. ಜಹೀರಾಬಾದಿನ ಡಿಗ್ರಿ ಕಾಲೇಜೊಂದರಲ್ಲಿ ನನ್ನದು ಕೊನೆಯ ವರ್ಷ. ಕನ್ನಡ, ತೆಲುಗು, ಉರ್ದು ಮೂರೂ ಬಾಯಿಗೆ ಬರುತ್ತವೆ ಅಂತ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ಮ್ಯಾಚ್ ಎಲ್ಲಿದ್ದರೂ ಕಾಮೆಂಟ್ರಿ ನನ್ನದೇ.

ಬಿರುಕು ಬಿಟ್ಟ ಸಿಮೆಂಟ್ ಕೋರ್ಟು, ಬಲೆಯಿಲ್ಲದ ರಿಂಗು, ಕಾಂಪೌಂಡ್ ಗೋಡೆ ಮೇಲೆ ಕಾಲು ಇಳಿಬಿಟ್ಟು ಕೂತ ಹಾಸ್ಟೆಲ್ ಗೆಳೆಯರು. ಈಗ ನೆನಸಿಕೊಂಡರೆ ಅಷ್ಟು ಚಂದದ ಸಂಜೆಗಳು ಮತ್ತೆ ಬರಲೇ ಇಲ್ಲ ಅನಿಸುತ್ತದೆ.

ಆಟ ನನಗೆ ಅಷ್ಟಕ್ಕಷ್ಟೇ ಗೊತ್ತಿತ್ತು. ಜನರನ್ನು ನಗಿಸುವುದು ಚೆನ್ನಾಗಿ ಗೊತ್ತಿತ್ತು.

ಸುಜಾತಾ ಆ ವರ್ಷವೇ ಕಾಲೇಜಿಗೆ ಸೇರಿದವಳು. ಎತ್ತರ ಇದ್ದಾಳೆ ಅಂತ ಟೀಮಿಗೆ ಹಾಕಿದ್ದರು, ಬಾಲ್ ಮುಟ್ಟಿದ್ದೇ ಆಗ ಮೊದಲ ಸಲವಂತೆ. ಮೊದಲ ಮ್ಯಾಚಿನಲ್ಲಿ ಬಾಲ್ ಬಂದು ಎದೆಗೆ ಬಡಿದು ಕೆಳಗೆ ಬಿತ್ತು. ಅವಳು ಗಾಬರಿಯಾಗಿ ನಿಂತಲ್ಲೇ ನಿಂತಳು.

ನಾನು ಮೈಕಿನಲ್ಲಿ ಹೇಳಿದೆ: "ನಮ್ಮ ಟೀಮಿನಾಗ ಒಂದು ಕಂಬ ನಟ್ಟೀವ್ರಿ, ಕರೆಂಟ್ ಇನ್ನಾ ಬಂದಿಲ್ಲ!"

ಇಡೀ ಮೈದಾನ ನಕ್ಕಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅಲ್ಲಿಂದ ಪ್ರತಿ ಮ್ಯಾಚಿನಲ್ಲೂ ಅದೇ ಜೋಕು ನಡೆಸಿದೆ. ಅವಳ ಕೈಗೆ ಬಾಲ್ ಹೋದರೆ ಸಾಕು, ಗೋಡೆ ಮೇಲಿಂದ "ಕರೆಂಟ್ ಬಂತೇನ್ರೋ?" ಅಂತ ಕೂಗು ಏಳುತ್ತಿತ್ತು.

ಈಗ ಅವಳ ತಾಯಿ ನನ್ನ ಮುಂದೆ ನಿಂತಿದ್ದಾರೆ.

"ಕಂಬ ಅಂದ್ರ... ಆ ಕಡಿ ಟೀಮಿನಾಕಿ, ಅವ್ವಾ," ಅಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ.

ಅವರು ನಂಬಿದರು. ನನ್ನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. "ನನಗ ಈ ಆಟ ತಿಳಿಯಂಗಿಲ್ಲ ತಮ್ಮಾ. ನನ್ನ ಮಗಳು ಏನು ಮಾಡಾಕ ಹತ್ಯಾಳ, ಅಷ್ಟು ಹೇಳ್ರಿ ಸಾಕು."

ಅವರಿಗೆ ಹೇಳಬೇಕಲ್ಲ ಅಂತ, ಬಾಲ್ ಎತ್ತ ಹೋದರೂ ಅತ್ತ ನೋಡದೆ ಬರೀ ಸುಜಾತಾಳನ್ನೇ ನೋಡತೊಡಗಿದೆ.

ಎದುರಿನ ಟೀಮಿನ ಚುರುಕು ಹುಡುಗಿ ರಿಂಗಿನ ಕಡೆ ನುಗ್ಗುವ ಮುಂಚೆಯೇ ಇವಳು ಅಲ್ಲಿ ಹೋಗಿ ನಿಂತಿರುತ್ತಿದ್ದಳು. ಆ ಹುಡುಗಿ ಸುತ್ತು ಹಾಕಿ ಹೋಗುವಷ್ಟರಲ್ಲಿ ಬಾಲ್ ನಮ್ಮವರ ಕೈಲಿ. ನಮ್ಮ ಕ್ಯಾಪ್ಟನ್ ರೇಣುಕಾ ಆರಾಮಾಗಿ ಗುರಿಯಿಟ್ಟು ಹಾಕುತ್ತಿದ್ದಳು, ಯಾಕೆಂದರೆ ತಡೆಯಲು ಬರುವವರಿಗೆ ಸುಜಾತಾ ಅಡ್ಡ ನಿಂತಿದ್ದಳು.

ರಿಂಗಿಗೆ ಬಡಿದು ವಾಪಸ್ ಬಂದ ಬಾಲನ್ನು ಎಲ್ಲರಿಗಿಂತ ಮೇಲೆ ಹಾರಿ ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ಬಿಡಲಿಲ್ಲ.

ಇದನ್ನೆಲ್ಲ ಯಾವಾಗ ಕಲಿತಳು? ಒಂದು ಮ್ಯಾಚೂ ತಪ್ಪಿಸದೆ ಅಲ್ಲೇ ಕೂತಿದ್ದೆನಲ್ಲ ನಾನು...

"ಸುಮ್ಮನ ನಿಂತಾಳಲ್ಲ, ಓಡವಲ್ಲಳು," ತಾಯಿಗೆ ಆತಂಕ.

"ಆಕಿ ನಿಂತಿದ್ದಕ್ಕೇ ಅವರ ಹಾದಿ ಬಂದ್ ಆಗ್ಯದ ಅವ್ವಾ," ಅಂದೆ. ಆ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ.

ತಡೆಯಲಾಗಲಿಲ್ಲ. ಮೈಕಿನಲ್ಲಿ ಜೋರಾಗಿ "ಸುಜಾತಾ!" ಅಂದೆ. ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು, ಬಾಲ್ ಅವಳ ಕಿವಿ ಪಕ್ಕದಿಂದಲೇ ಹಾದು ಹೋಯಿತು! ರೇಣುಕಾ ನನ್ನನ್ನು ಕೊಲ್ಲುವ ಹಾಗೆ ನೋಡಿದಳು.

ಅವತ್ತು ಹೇಗೋ ಗೆದ್ದೆವು. ಆ ವರ್ಷದ ಕೊನೆಯ ಮ್ಯಾಚು ತಾಂಡೂರಿನಲ್ಲಿ, ಅದನ್ನು ಒಂದೇ ಬಾಸ್ಕೆಟ್ಟಿನಿಂದ ಸೋತೆವು. ಸೋತರೂ ವಾಪಸ್ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನ ನಮ್ಮ ಗೆಳೆಯರ ಬಾಯಲ್ಲಿ ಸುಜಾತಾಳದೇ ಮಾತು.

ಪಾಸ್ ಕೊಡುವವರು ಸುಧಾರಿಸಿದ್ದಾರೆ, ಅದಕ್ಕೇ ಇವಳು ಚೆನ್ನಾಗಿ ಕಾಣುತ್ತಾಳೆ ಅಂತ ಒಬ್ಬ. ಮೊದಲಿಂದಲೂ ಆಡುತ್ತಿದ್ದಳು, ನಮಗೇ ಕಂಡಿರಲಿಲ್ಲ ಅಂತ ಇನ್ನೊಬ್ಬ ಗೆಳೆಯ ಮಹಬೂಬ್.

ರೇಣುಕಾ ಮುಂದಿನ ಸೀಟಿನಿಂದ ತಿರುಗಿದಳು. "ದಿನಾ ಮುಂಜಾನಿ ಹಾಸ್ಟೆಲ್ ಗ್ವಾಡಿಗಿ ಬಾಲ್ ಹೊಡದು ಹಿಡೀತಾಳ. ಕೈಬೆರಳು ಬಾತು ಪಟ್ಟಿ ಕಟ್ಟಿಕೊಂಡು ಹಿಡದಾಳ. ನೋಡಾಕ ನೀವು ಎದ್ದಿರಬೇಕಲ್ಲ!"



ಜಹೀರಾಬಾದಿನಲ್ಲಿ ಇಳಿದ ಮೇಲೆ ಧೈರ್ಯ ಮಾಡಿ ಸುಜಾತಾಳ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಮಾತಾಡಿದಳು.

"ಅವ್ವ ನಿಮಗ ಬಾಳ ನೆನಸ್ತಾಳ ಅಣ್ಣಾ. ಮೈಕಿನಾಗಿನ ತಮ್ಮ ಛಲೋ ಮನಷಾ ಅಂತಾಳ."

ಬ್ಯಾಗ್ ಹೆಗಲಿಗೆ ಏರಿಸಿಕೊಂಡು, ನನ್ನ ಮುಖ ನೋಡದೆಯೇ ಹೇಳಿದಳು: "ಕಂಬ ಯಾರಂತ ನಾನೂ ಹೇಳಿಲ್ಲ ಬಿಡ್ರಿ."

ಅಷ್ಟು ಹೇಳಿ ಹಾಸ್ಟೆಲ್ ಕಡೆ ನಡೆದು ಹೋದಳು. ಮುಂದೆ ನನ್ನ ಪರೀಕ್ಷೆ, ಕೆಲಸ, ಸಂಸಾರ... ಅವಳಲ್ಲಿ ಕೇಳಬೇಕಿದ್ದ ಕ್ಷಮೆ ಹಾಗೇ ಉಳಿದುಬಿಟ್ಟಿತು.

ಮೊನ್ನೆ ರೇಣುಕಾ ಹಳೆಯ ಟೀಮ್ ಫೋಟೋ ಹಾಕಿದ್ದಳು. ಕೆಳಗೆ ಕಾಮೆಂಟುಗಳಲ್ಲಿ ಗೋಡೆ ಮೇಲೆ ಕೂತಿದ್ದವರೆಲ್ಲ ಬಂದು "ನಮ್ಮ ಸುಜಾತಾ, ಏನು ಆಟ ಅದು!" ಅಂತ ಬರೆದಿದ್ದರು. ಇಷ್ಟು ವರ್ಷ ಆದ ಮೇಲೂ ಎಲ್ಲರಿಗೂ ಅವಳ ಹೆಸರು ಸರಿಯಾಗಿ ನೆನಪಿದೆ.

ನಿನ್ನೆ ರೇಣುಕಾಳನ್ನು ಕೇಳಿ ಸುಜಾತಾಳ ನಂಬರ್ ತೆಗೆದುಕೊಂಡೆ. ಬೆಳಗಿನಿಂದ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೇನೆ.

ನೀವಾಗಿದ್ದರೆ ಮೊದಲು ಏನು ಹೇಳುತ್ತಿದ್ದಿರಿ?