ಜೆರಾಕ್ಸಮ್ಮನ ಉಯಿಲಿಗೆ ಸಾಕ್ಷಿ

ಜೆರಾಕ್ಸಮ್ಮನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಕಾಗದ ತಿರುವಿ, ಮೆಷೀನಿನ ಗಾಜಿನ ಮೇಲೆ ನೇರ ಮಾಡಿ, ಆ ಬೆರಳು ಹುಣಸೆ ಬೀಜದ ಹಾಗೆ ನುಣುಪಾಗಿತ್ತು. ಉಗುರಿನ ಸಂದಿಯಲ್ಲಿ ಮಾತ್ರ ಟೋನರ್ ಪುಡಿಯ ಕಪ್ಪು ಉಳಿದಿರುತ್ತಿತ್ತು. ರೇಷನ್ ಅಂಗಡಿಯ ಮೆಷೀನು ಆ ಬೆರಳನ್ನು ಒಪ್ಪುತ್ತಿರಲಿಲ್ಲ. ಒತ್ತಿಸಿ, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿಸಿ, ಕೊನೆಗೆ ಅಂಗಡಿಯವನು ಎಡಗೈ ಕಿರುಬೆರಳಿಗೆ ಬರುತ್ತಿದ್ದ. "ನಾನು ನಾನೇ ಅನ್ನೋಕೆ ಕಿರುಬೆಟ್ಟೊಂದೇ ಉಳ್ಕೊಂಡಿರೋದು" ಎಂದು ಅವರು ನಗುತ್ತಿದ್ದರು.

ಅಂಗಡಿ ಇದ್ದದ್ದು ಯಲಹಂಕದಲ್ಲಿ, ನೋಂದಣಿ ಕಚೇರಿಯಿಂದ ಕೂಗಳತೆಯಲ್ಲಿ. ಕೆಳಗೆ ಅಂಗಡಿ, ಮೇಲೆ ಒಂದು ರೂಮು ಮತ್ತು ಶೀಟು ಹೊದಿಸಿದ ಅಡುಗೆಮನೆ. ಎರಡನ್ನೂ ಅವರೇ ದುಡಿದು ಕೊಂಡಿದ್ದರು. ಹೆಸರಘಟ್ಟದ ಕಡೆಯ ಹಳ್ಳಿಯವರು. ಮಕ್ಕಳಾಗಲಿಲ್ಲ ಎಂದು ಗಂಡ ಬಿಟ್ಟುಹೋಗಿ ಹೊಸಕೋಟೆ ಕಡೆ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಇವರು ಕೋರ್ಟಿಗೆ ಹೋಗಲಿಲ್ಲ, ವಿಚ್ಛೇದನ ಕೇಳಲಿಲ್ಲ. ಆತನ ಮಾತು ಬಂದರೆ "ಇದಾನೆ, ಎಲ್ಲೋ ಇದಾನೆ" ಎನ್ನುವರು, ಅಷ್ಟೆ.

ಜೊತೆಗಿದ್ದವಳು ಬೈಂಡಿಂಗ್ ಅಕ್ಕ. ವಿಜಯಪುರದ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಈ ಅಂಗಡಿಯಲ್ಲಿ ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್ ಕಲಿತು ಇಲ್ಲೇ ನಿಂತವಳು. ಹದಿನೆಂಟು ವರ್ಷ ಇಬ್ಬರದೂ ಒಂದೇ ಒಲೆ. ಒಬ್ಬರದು ಮುದ್ದೆ, ಇನ್ನೊಬ್ಬರದು ರೊಟ್ಟಿ. ಆ ಜಗಳ ಮಾತ್ರ ಹದಿನೆಂಟು ವರ್ಷವೂ ಮುಗಿಯಲಿಲ್ಲ.

ನಾನು ಬಾಗಲೂರಿನ ಪಕ್ಕದ ಹಳ್ಳಿಯವನು. ಅಪ್ಪ ಅಮ್ಮ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದವರು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವರಲ್ಲಿ ಮೊದಲನೆಯವನು ನಾನು. ಬಿ.ಕಾಂ. ಪಾಸು ಮಾಡಿದ್ದೇನೆ, ಎರಡು ವಿಷಯಗಳನ್ನು ಎರಡನೇ ಸಲಕ್ಕೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ತುಂಬಿಕೊಟ್ಟವನು ನಾನೇ.

ವಿದ್ಯಾರ್ಥಿವೇತನದ ಅರ್ಜಿಗೆ ಎಂದರೆ ಜೆರಾಕ್ಸಮ್ಮ ದುಡ್ಡು ಮುಟ್ಟುತ್ತಿರಲಿಲ್ಲ. ಡಿಗ್ರಿಗೆ ಸೇರಲು ಕಡೆಯ ದಿನ ನಾಳೆ ಎನ್ನುವಾಗ ನಾನು ಅಂಕಪಟ್ಟಿಯ ಒರಿಜಿನಲ್ಲನ್ನು ಮೆಷೀನಿನಲ್ಲೇ ಬಿಟ್ಟು, ಪ್ರತಿಗಳನ್ನು ಮಾತ್ರ ಹಿಡಿದು ಬಸ್ಸು ಹತ್ತಿದ್ದೆ. ಬೆಳಗ್ಗೆ ಏಳಕ್ಕೆ ಅವರು ನಮ್ಮ ಮನೆ ಮುಂದೆ ನಿಂತಿದ್ದರು. ಜಾತಿ ಪ್ರಮಾಣಪತ್ರ ಜೆರಾಕ್ಸ್ ಮಾಡುವಾಗ ಕಂಡಿದ್ದ ಊರಿನ ಹೆಸರನ್ನು ನೆನಪಿಟ್ಟುಕೊಂಡು, ಬಸ್ಸಿನಿಂದ ಇಳಿದವರು ಕೇಳಿಕೊಂಡು ಕೇಳಿಕೊಂಡು ಬಂದಿದ್ದರು. "ಅಸಲು ಬಿಟ್ಟು ನಕಲು ಒತ್ಕೊಂಡು ಬಂದಿದೀಯಲ್ಲೋ, ನೀನೇನ್ ಓದ್ತೀಯ" ಎಂದು ಬೈದು, ನಮ್ಮಮ್ಮ ಕೊಟ್ಟ ಕಾಫಿಯನ್ನೂ ಕುಡಿಯದೆ, ಅಂಗಡಿ ತೆಗೆಯಬೇಕೆಂದು ಹೊರಟುಬಿಟ್ಟರು. ಆ ಕಾಗದ ಆ ದಿನ ಬಾರದಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆ ಎಂದು ಯೋಚಿಸಬೇಕಾಗಿಲ್ಲ, ನನಗೆ ಗೊತ್ತಿದೆ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದಾಗ ಅದರದೊಂದು ಪ್ರತಿ ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದರು. ಗಿರಾಕಿಗಳು ಯಾರದು ಎಂದು ಕೇಳಿದರೆ "ನಮ್ ಉಡ್ಗ" ಎನ್ನುತ್ತಿದ್ದರು. ನನಗೆ ಯಶವಂತಪುರದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದ ಮೇಲೂ ಶನಿವಾರ ಸಂಜೆ ಅಲ್ಲಿ ಇಳಿದು ಹೋಗುವುದು ತಪ್ಪಲಿಲ್ಲ.

ಆಮೇಲೆ ಅವರಿಗೆ ಕಿಡ್ನಿ ಹೋಯಿತು. ವಾರಕ್ಕೆ ಎರಡು ಸಲ ಹೆಬ್ಬಾಳದಲ್ಲಿ ಡಯಾಲಿಸಿಸ್. ಒಂದು ಶನಿವಾರ ಅಕ್ಕ ಹಾಲಿಗೆ ಹೋದ ಹೊತ್ತು ನೋಡಿ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಈ ಅಂಗಡಿ, ರೂಮು ಅವಳಿಗೇ ಓಗ್ಬೇಕು ಕಣಪ್ಪ. ನಾನ್ ಸತ್ಮೇಲೆ ಆವಪ್ಪ ಬಂದು ಕೂತ್ಕೊಂಡ್ರೆ ಅವಳು ಎಲ್ಲಿಗ್ ಓಗ್ತಾಳೆ?"

ಅವರ ಭಯ ಸರಿಯಾಗಿಯೇ ಇತ್ತು. ಮಕ್ಕಳಿಲ್ಲದ ಹೆಂಗಸು ಉಯಿಲು ಬರೆಯದೆ ಹೋದರೆ, ಅವಳು ದುಡಿದು ಮಾಡಿದ್ದೆಲ್ಲ ಗಂಡನಿಗೆ. ಅವನು ಬಿಟ್ಟುಹೋಗಿದ್ದ ಎನ್ನುವುದು ಲೆಕ್ಕಕ್ಕಿಲ್ಲ. ಅಕ್ಕ ಕಾಗದದ ಮೇಲೆ ಅವರಿಗೆ ಏನೂ ಅಲ್ಲ.

ವಕೀಲರ ಹತ್ತಿರ ಹೋಗುವುದೋ, ನೀನೇ ಮಾಡುತ್ತೀಯೋ ಎಂದು ಕೇಳಿದರು. ಎದುರು ಸಾಲಿನ ಮಹಡಿಯಲ್ಲಿ ಒಬ್ಬರು ಹಳೆಯ ವಕೀಲರಿದ್ದರು. ಅವರ ಕಾಗದಗಳೆಲ್ಲ ನಕಲಾಗುತ್ತಿದ್ದದ್ದು ಇದೇ ಅಂಗಡಿಯಲ್ಲಿ. ನಾನು ಮೊಬೈಲು ತೆಗೆದು ಆನ್‌ಲೈನಿನಲ್ಲಿ ಉಯಿಲು ಮಾಡಿಕೊಡುವ ಒಂದು ತಾಣ ತೋರಿಸಿದೆ. ಪ್ರಶ್ನೆ ಕೇಳುತ್ತದೆ, ಉತ್ತರ ತುಂಬಿದರೆ ಉಯಿಲು ತಯಾರಾಗುತ್ತದೆ, ಪ್ರಿಂಟು ತೆಗೆದು ಸಹಿ ಹಾಕಿದರೆ ಸಾಕು, ನೋಂದಣಿಯೂ ಕಡ್ಡಾಯವಲ್ಲ ಎಂದೆ. "ಇಷ್ಟಕ್ಕೆಲ್ಲ ವಕೀಲರು ಯಾಕಮ್ಮ? ನಾನಿದೀನಲ್ಲ."

"ಸರಿ. ನೀನ್ ಓದಿರೋನು. ನೀನೇ ಮಾಡು."

ಅವರು ಖರ್ಚಿಗೆ ಹೆದರಿ ಹಾಗೆ ಹೇಳಿದ್ದಲ್ಲ. ಅದು ನನಗೆ ಆಗಲೇ ಗೊತ್ತಿತ್ತು.

ವಕೀಲರು ಪ್ರತಿ ತೆಗೆಸಲು ಬಂದಾಗ ಜೆರಾಕ್ಸಮ್ಮನೇ ವಿಷಯ ಹೇಳಿದರು. ಅವರಿಗೆ ಬೇಸರವೇನೂ ಆಗಲಿಲ್ಲ. "ಬರೆಯೋದು ಯಾರು ಬೇಕಾದ್ರೂ ಬರೀಬಹುದು. ಸಹಿ ಹಾಕೋ ದಿನ ಮಾತ್ರ ನನ್ನನ್ನ ಒಂದ್ಸಲ ಕೂಗಿ. ಫೀಸೇನೂ ಬೇಡ" ಎಂದು ಹೋದರು.

ನಾನು ಕೂಗಲಿಲ್ಲ. ಅವರು ಬಂದು ನಿಂತರೆ ಅದು ಅವರು ಮಾಡಿದ ಉಯಿಲಾಗುತ್ತದೆ ಎನಿಸಿತು.

ಮೂರು ಸಂಜೆ ಕೂತು ತುಂಬಿದೆ. ಗಂಡನ ಹೆಸರಿನ ಜಾಗ ಬಂದಾಗ ಅಮ್ಮ ಹೆಸರು ಹೇಳಿದರು. ಅವರ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೊಂದೇ ಸಲ. ಪ್ರಿಂಟು ಚೆನ್ನಾಗಿ ಬಂದಿತ್ತು. ಕೊನೆಯ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸೂಚನೆ ಇತ್ತು: ಉಯಿಲು ಬರೆಸಿದವರು ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ಕಣ್ಣಾರೆ ನೋಡಿ, ಅವರ ಎದುರಿನಲ್ಲೇ ತಾವೂ ಸಹಿ ಮಾಡಬೇಕು. ಓದಿದೆ. ಓದಿಲ್ಲ ಎಂದು ನಾನು ಯಾರಿಗೂ ಹೇಳಲಾರೆ. ಬಾಡಿಗೆ ಕರಾರಿನಲ್ಲೂ, ಸಾಲದ ಅರ್ಜಿಯಲ್ಲೂ ಸಾಕ್ಷಿ ಎಂದು ಜಾಗ ಇರುತ್ತದೆ. ಎಲ್ಲದಕ್ಕೂ ನಾವು ಆಮೇಲೆ ಯಾರ ಹತ್ತಿರವಾದರೂ ಹಾಕಿಸುತ್ತೇವೆ. ಆ ಅಂಗಡಿಯ ಮುಂದೆ ದಿನವೂ ಅದೇ ನಡೆಯುತ್ತಿತ್ತು.

ಭಾನುವಾರ ಬೆಳಗ್ಗೆ ಮೇಲಿನ ರೂಮಿನಲ್ಲಿ ಅಮ್ಮ ಸಹಿ ಹಾಕಿದರು. ಕೈ ಊದಿತ್ತು. ಒಂದೊಂದು ಹಾಳೆಗೂ ನಿಂತು ನಿಂತು ಹಾಕಿದರು. ಪಕ್ಕದ ಚಹಾ ಅಂಗಡಿಯ ಭಾಯ್ ಫ್ಲಾಸ್ಕಿನಲ್ಲಿ ಚಹಾ ತಂದವರು ಅಲ್ಲೇ ನಿಂತಿದ್ದರು. ಅಂಗಡಿಯ ಮುಂದೆ ಹೂ ಮಾರುವ ಹೆಂಗಸು, ನಾವೆಲ್ಲ ಹೂವಮ್ಮ ಎನ್ನುವವರು, ಒಂದು ಮೊಳ ಕನಕಾಂಬರ ಹಿಡಿದು ಬಾಗಿಲಲ್ಲಿ ಕೂತಿದ್ದರು. ಇಬ್ಬರೂ ಮೊದಲಿಂದ ಕೊನೆಯವರೆಗೆ ನೋಡಿದರು.

"ಸಾಕ್ಷಿ ನಾವ್ ಹಾಕ್ಲಾ ಭಾಯ್?" ಎಂದರು ಚಹಾದವರು.

"ನಂದಾದ್ರೆ ಎಬ್ಬೆಟ್ಟು ಕಣಪ್ಪ" ಎಂದು ಹೂವಮ್ಮ ನಕ್ಕು, ಬೆರಳನ್ನು ಸೀರೆಗೆ ಒರೆಸಿಕೊಂಡೇ ಬಿಟ್ಟರು.

ಬೇಡ, ದೊಡ್ಡವರ ಹತ್ತಿರ ಹಾಕಿಸುತ್ತೇನೆ ಎಂದು ನಾನು ಕಾಗದ ಮಡಿಸಿಕೊಂಡೆ.

ಹೆಬ್ಬೆಟ್ಟು ಎಂದರೆ ನನಗೆ ನಮ್ಮಪ್ಪ ಬ್ಯಾಂಕಿನಲ್ಲಿ ಬೆರಳಿನ ನೀಲಿ ಶಾಯಿ ಒರೆಸಿಕೊಳ್ಳಲು ಗೋಡೆ ಹುಡುಕುತ್ತಿದ್ದದ್ದು ಕಣ್ಣಿಗೆ ಬರುತ್ತದೆ. ನಾನು ಮಾಡಿದ ಉಯಿಲಿನ ಕೊನೆಯಲ್ಲಿ ಅದು ಇರುವುದು ನನಗೆ ಬೇಕಿರಲಿಲ್ಲ. ಸೋಮವಾರ ಆಫೀಸಿನಲ್ಲಿ ನಮ್ಮ ಮ್ಯಾನೇಜರೂ, ಲೆಕ್ಕ ನೋಡಲು ಬಂದಿದ್ದ ಆಡಿಟರೂ ಊಟಕ್ಕೆ ಏಳುವ ಮೊದಲು ಸಹಿ ಮಾಡಿಕೊಟ್ಟರು. ಇಂಗ್ಲಿಷಿನಲ್ಲಿ, ಹೆಸರಿನ ಮುಂದೆ ಡಿಗ್ರಿ ಬರೆದು. ಅಮ್ಮನನ್ನು ಇಬ್ಬರೂ ಒಮ್ಮೆಯೂ ಕಂಡಿರಲಿಲ್ಲ. ಉಯಿಲನ್ನು ತಂದುಕೊಟ್ಟಾಗ ಅಮ್ಮ ಆ ಸಹಿಗಳನ್ನು ಬೆಳಕಿಗೆ ಹಿಡಿದು ನೋಡಿ, ಕವರಿಗೆ ಹಾಕಿ ಅಕ್ಕನ ಕೈಗೆ ಕೊಟ್ಟರು.

ನಾಲ್ಕು ತಿಂಗಳಿಗೆ ತೀರಿಕೊಂಡರು. ಡಯಾಲಿಸಿಸ್ ನಡೆಯುವಾಗಲೇ ಜೀವ ಹೋಯಿತಂತೆ. ಫೋನು ಬಂದಾಗ ನಾನು ಬ್ಯಾಂಕ್ ಸ್ಟೇಟ್‌ಮೆಂಟು ತಾಳೆ ಹಾಕುತ್ತಿದ್ದೆ. ಆ ಪುಟ ಮುಗಿಸಿ ಎದ್ದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಹದಿಮೂರನೇ ದಿನ ಕಳೆದು ಗಂಡ ಬಂದ. ನಾನು ಅಂದುಕೊಂಡಿದ್ದ ಹಾಗಿರಲಿಲ್ಲ. ಮಂಡಿ ನೋವಿನ ಮುದುಕ. ಜೊತೆಗೆ ಆ ಕಡೆಯ ಮಗ. ಸ್ಟೂಲಿನ ಮೇಲೆ ಕೂತು ಅಕ್ಕನ ಹತ್ತಿರ ನೀರು ಕೇಳಿ ಕುಡಿದ. ಮಾತಾಡಿದ್ದೆಲ್ಲ ಮಗನೇ. ಉಯಿಲು ಇದೆಯಂತಲ್ಲ, ಅದನ್ನು ನಾವು ಒಪ್ಪುವುದಿಲ್ಲ, ಕೋರ್ಟಿನಲ್ಲಿ ನೋಡೋಣ ಎಂದ.

ಆಗ ನಾನು ಮಹಡಿ ಹತ್ತಿ ವಕೀಲರ ಹತ್ತಿರ ಹೋದೆ. ಅವರು ಉಯಿಲನ್ನು ಪೂರ್ತಿ ಓದಿ, ಬರಹ ಎಲ್ಲ ಸರಿಯಾಗಿದೆ ಎಂದರು. ಆಮೇಲೆ ಈ ಇಬ್ಬರು ಸಾಕ್ಷಿಗಳು ಯಾರು ಎಂದು ಕೇಳಿದರು. ಹೇಳಿದೆ. ಅಮ್ಮ ಸಹಿ ಹಾಕುವಾಗ ಇವರು ಇದ್ದರೇ ಎಂದರು. ಇಲ್ಲ ಎಂದೆ. ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ನಾನು ನೋಡಿದೆ ಎನ್ನಬೇಕು, ಇಲ್ಲದಿದ್ದರೆ ಈ ಉಯಿಲು ನಿಲ್ಲುವುದಿಲ್ಲ ಎಂದರು. ನೋಡದವರಿಂದ ಹಾಗೆ ಹೇಳಿಸುವುದು ತಮ್ಮಿಂದ ಆಗದ ಕೆಲಸ ಎಂದರು.

"ಹಾಗಾದ್ರೆ ಅವತ್ತು ಅಲ್ಲಿ ಯಾರಿದ್ರು?"

"ಚಹಾ ಅಂಗಡಿ ಭಾಯ್. ಹೂವಮ್ಮ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರಿಬ್ರೇ ಸಾಕಿತ್ತಲ್ಲಪ್ಪ" ಎಂದರು. ಬೈಯಲಿಲ್ಲ.

ಮ್ಯಾನೇಜರನ್ನು ಕೇಳಿಯೂ ನೋಡಿದೆ. "ನಾನು ಅವರನ್ನ ನೋಡೇ ಇಲ್ಲ ಗುರು. ಕೋರ್ಟಲ್ಲಿ ಹೋಗಿ ಏನಂತ ಹೇಳ್ಲಿ?" ಎಂದರು. ಅವರದು ತಪ್ಪಿಲ್ಲ. ಆಡಿಟರು ಮತ್ತೆ ಫೋನು ಎತ್ತಲಿಲ್ಲ.

ವಕೀಲರೇ ಮಧ್ಯೆ ನಿಂತು ಮಾತಾಡಿ, ಅಕ್ಕನಿಗೆ ಜಾಗ ಖಾಲಿ ಮಾಡಲು ಮೂರು ತಿಂಗಳ ಕಾಲಾವಕಾಶ ಕೊಡಿಸಿದರು. ಬೈಂಡಿಂಗ್ ಮತ್ತು ಲ್ಯಾಮಿನೇಷನ್ ಮೆಷೀನುಗಳನ್ನು ಅವಳು ಒಯ್ಯಬಹುದು ಎಂದಾಯಿತು. ಅಲ್ಲಾಳಸಂದ್ರದಲ್ಲಿ ಒಂದು ಸ್ಟೇಷನರಿ ಅಂಗಡಿಯವರು ಜಗಲಿಯಲ್ಲಿ ಜಾಗ ಕೊಡಲು ಒಪ್ಪಿದರು.

ಖಾಲಿ ಮಾಡುವ ದಿನ ನಾನು ರಜೆ ಹಾಕಿ ಹೋದೆ. ಮೇಲಿನ ರೂಮಿನಲ್ಲಿ ಅಕ್ಕ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ ಎಂದು ನಾನು ತಿಳಿದಿದ್ದೆ. ನಾನೇ ಹೇಳಿದೆ. ತಪ್ಪು ಅಮ್ಮನದಲ್ಲ, ಆ ತಾಣದ್ದೂ ಅಲ್ಲ, ಅವತ್ತು ಇಲ್ಲಿದ್ದವರಿಂದ ನಾನು ಹಾಕಿಸಬೇಕಿತ್ತು ಎಂದೆ.

ಅವಳು ಕೈ ನಿಲ್ಲಿಸಲಿಲ್ಲ.

"ಅಮ್ಮಾರಿಗೆ ಗೊತ್ತಿತ್ತರೀ ಸರ" ಎಂದಳು. "ನೀವು ಕಾಗದ ತಗೊಂಡು ಹ್ವಾದ ಮ್ಯಾಲ ಭಾಯ್ ಕೇಳಿದ್ರು, ನೋಡಿದವ್ರು ನಾವು, ಹಾಕೋರು ಬ್ಯಾರೆಯವರಾ, ಅಂತ. ಇಷ್ಟು ವರ್ಷ ಕಚೇರಿ ಕಾಗದ ನೋಡ್ಯಾರ, ಅಮ್ಮಾರಿಗೆ ತಿಳೀದೇನ್ರೀ. ನಾನೂ ಅಂದೆ, ಕರೀರಿ ಅಂತ. ಬ್ಯಾಡ ಅಂದ್ರು."

"ಯಾಕೆ?"

"'ಅವನು ಓದಿರೋನು, ನಮಗಿಂತ ಜಾಸ್ತಿ ಗೊತ್ತಿರ್ತೈತೆ. ವಾಪಸ್ ಕರೆದ್ರೆ ನೊಂದ್ಕೋತಾನೆ' ಅಂದ್ರು."

ಇಷ್ಟು ಹೇಳಿ ಚೀಲದ ಬಾಯಿಗೆ ಹಗ್ಗ ಬಿಗಿದಳು. ಕೆಳಗೆ ಆಟೋದವನು ಹಾರ್ನ್ ಹೊಡೆದ. ನಾನು ಚೀಲ ಹೊತ್ತುಕೊಂಡು ಮೆಟ್ಟಿಲು ಇಳಿದೆ.